ಎರೆಭೂತಕ್ಕೆ ಕಾಡಿಲ್ಲ: ಗಡಿನಾಡಿನ ಮಕ್ಕಳ ಕಥೆಯಲ್ಲಿ ಬಯಲಿನ ಜೀವಿಗಳು

ಕನ್ನಡದ ಮಕ್ಕಳ ಕಥೆಗಳಲ್ಲಿ ಪ್ರಾಣಿಗಳು ಬಹುಮಟ್ಟಿಗೆ ಕಾಡಿನ ವಾಸಿಗಳು. ಹನ್ನೊಂದನೆಯ ಶತಮಾನದ ದುರ್ಗಸಿಂಹನ ಪಂಚತಂತ್ರದಿಂದ ಇಂದಿನ ಪಠ್ಯಪುಸ್ತಕದವರೆಗೂ ಸಿಂಹ ಮತ್ತು ನರಿಗಳ ಕಥಾಪರಂಪರೆ ಹರಿದುಬಂದಿದೆ. ಈ ಪರಂಪರೆಯಲ್ಲಿ ಪ್ರಾಣಿ ನೀತಿಯ ವಾಹಕ; ಅದು ಏನು ತಿನ್ನುತ್ತದೆ, ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದು ಕಥೆಗೆ ಬೇಕಾಗುವುದಿಲ್ಲ. ಸ್ಥಳೀಯ ವನ್ಯಜೀವಿಯನ್ನು ಆಧರಿಸಿದ ಕಥೆಯಾದರೋ ಪ್ರಾಣಿಯ ಬದುಕಿನಿಂದಲೇ ತನ್ನ ಚಲನೆಯನ್ನು ಪಡೆಯುತ್ತದೆ. ಗಡಿನಾಡಿನ ಮಕ್ಕಳಿಗಾಗಿ ಇಂಥ ಕಥೆ ಬರೆಯುವಾಗ ಏಳುವ ಪ್ರಶ್ನೆಗಳಿಗೆ ಸೊಲ್ಲಾಪುರ ಸೀಮೆಯ ಎರೆಭೂತ ಒಂದು ಸ್ಪಷ್ಟ ನಿದರ್ಶನ.

ಎರೆಭೂತವು ಸುಮಾರು ಒಂದು ಮೀಟರ್ ಎತ್ತರದ, ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರವಾದವುಗಳ ಸಾಲಿಗೆ ಸೇರಿದ ಹುಲ್ಲುಗಾವಲಿನ ಪಕ್ಷಿ. ಎರೆ ಎಂದರೆ ಕಪ್ಪುಮಣ್ಣಿನ ಹೊಲ. ಇದೇ ಹಕ್ಕಿಗೆ ಮರಾಠಿಯಲ್ಲಿ ಮಾಳಢೋಕ ಎಂದು ಹೆಸರು. ಮಾಳ ಎಂದರೆ ಬೋಳು ಬಯಲು. ತೆಲುಗಿನಲ್ಲಿ ಅದು ಬಟ್ಟಮೇಕ ಪಿಟ್ಟ. ಕನ್ನಡದ ಹೆಸರು ಮಣ್ಣನ್ನು ಗುರುತಿಸಿದರೆ ಮರಾಠಿಯ ಹೆಸರು ನೆಲದ ಸ್ವರೂಪವನ್ನು ಗುರುತಿಸುತ್ತದೆ. ‘ಗ್ರೇಟ್ ಇಂಡಿಯನ್ ಬಸ್ಟರ್ಡ್’ ಎಂದು ಬರೆದುಬಿಟ್ಟರೆ ಇವೆರಡೂ ಮಗುವಿಗೆ ಕಾಣದೆಹೋಗುತ್ತವೆ. ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಯ ಮಗು ಎರಡೂ ಭಾಷೆಗಳ ನಡುವೆ ಬೆಳೆಯುವುದರಿಂದ ಎರಡು ಹೆಸರುಗಳನ್ನೂ ಕಥೆಯೊಳಗೇ ತರುವುದು ಅಲ್ಲಿ ಅಸಹಜವೆನಿಸುವುದಿಲ್ಲ.

ಹೆಸರಿನ ನಂತರದ ಪ್ರಶ್ನೆ ಕಥೆಯ ನೆಲೆಯದು. ಎರೆಭೂತಕ್ಕೆ ಕಾಡು ಬೇಡ. ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು. ಅದು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು, ಅದೂ ಬರಿನೆಲದ ಮೇಲೆ, ಇಡುತ್ತದೆ. ಮರದ ಮೇಲೆ ಗೂಡು ಬರೆದ ಚಿತ್ರ ಇಲ್ಲಿ ತಪ್ಪಾಗುತ್ತದೆ. ಅದಕ್ಕಿಂತ ಗಂಭೀರವಾದ ತಪ್ಪು ಕಥೆಯ ಮುಕ್ತಾಯದಲ್ಲಿ ನುಸುಳಬಹುದು. ಪರಿಸರದ ಕಥೆಗಳು ಸಾಮಾನ್ಯವಾಗಿ ಗಿಡ ನೆಡುವ ಸಂಕಲ್ಪದಲ್ಲಿ ಮುಗಿಯುತ್ತವೆ. ಹುಲ್ಲುಗಾವಲನ್ನು ಬಂಜರೆಂದು ಎಣಿಸಿ ಅಲ್ಲಿ ಮರ ಬೆಳೆಸಿದ್ದೂ ಈ ಹಕ್ಕಿ ನೆಲೆ ಕಳೆದುಕೊಳ್ಳಲು ಒಂದು ಕಾರಣ. ಹಾಗಾಗಿ ಸದುದ್ದೇಶದ ಆ ನೀತಿಯೇ ಕಥಾನಾಯಕನಿಗೆ ಮುಳುವಾಗುತ್ತದೆ.

ಸೊಲ್ಲಾಪುರದ ಬಳಿಯ ನಾನ್ನಜದಲ್ಲಿ 1979ರಲ್ಲಿ, ಕರ್ನೂಲು ಸೀಮೆಯ ರೋಳ್ಳಪಾಡಿನಲ್ಲಿ 1988ರಲ್ಲಿ ಈ ಹಕ್ಕಿಗಾಗಿ ಅಭಯಾರಣ್ಯಗಳು ಸ್ಥಾಪನೆಯಾದವು. ಆದರೂ 2011ರಲ್ಲಿ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಇಂದು ನಿಸರ್ಗದಲ್ಲಿ ಉಳಿದಿರುವ ಸುಮಾರು ನೂರೈವತ್ತು ಹಕ್ಕಿಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ಸೊಲ್ಲಾಪುರದ ಮಗು ತನ್ನ ಊರಿನ ಹಕ್ಕಿಯನ್ನು ನೋಡುವ ಸಂಭವವೇ ಕಡಿಮೆ. ಕಥೆಗಾರನು ಈ ಸತ್ಯವನ್ನು ಸುಖಾಂತದಿಂದ ಮುಚ್ಚಬೇಕಾಗಿಲ್ಲ. ಕಂಡಿದ್ದ ಅಜ್ಜ ಮತ್ತು ಕಾಣದ ಮೊಮ್ಮಗಳ ನಡುವಿನ ಮಾತನ್ನೇ ಕಥೆಯ ಹಂದರವಾಗಿಸಬಹುದು. ಅದೇ ಬಯಲಿನಲ್ಲಿ ಇಂದಿಗೂ ಇರುವ ಚಿಗರೆ, ತೋಳಗಳತ್ತ ಆ ಮಾತು ಮಗುವಿನ ಗಮನವನ್ನು ಹೊರಳಿಸಬಲ್ಲದು.

ಪ್ರಕಟಣೆಯ ಮುಖ್ಯ ತೊಡಕು ವೆಚ್ಚ. ಗಡಿಭಾಗದ ಕನ್ನಡ ಓದುಗರ ಸಂಖ್ಯೆ ಚಿಕ್ಕದು. ಬಣ್ಣದ ಚಿತ್ರಪುಸ್ತಕದ ಪ್ರತಿಗಳು ಕಡಿಮೆಯಾದಷ್ಟೂ ಒಂದೊಂದು ಪ್ರತಿಯ ಬೆಲೆ ಏರುತ್ತದೆ. ಬಹುಭಾಷಾ ಮುದ್ರಣ ಇದಕ್ಕೊಂದು ಪರಿಹಾರ. ಚಿತ್ರಗಳ ಬಣ್ಣದ ಫಲಕಗಳನ್ನು ಹಾಗೆಯೇ ಇರಿಸಿಕೊಂಡು, ಅಕ್ಷರವಿರುವ ಕಪ್ಪು ಫಲಕವನ್ನಷ್ಟೇ ಬದಲಿಸಿದರೆ ಕನ್ನಡ, ಮರಾಠಿ, ತೆಲುಗು ಆವೃತ್ತಿಗಳು ಒಟ್ಟಿಗೆ ಅಚ್ಚಾಗಬಲ್ಲವು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಒಂದೇ ಚಿತ್ರಪುಸ್ತಕವನ್ನು ಹಲವು ಭಾರತೀಯ ಭಾಷೆಗಳಲ್ಲಿ ತಂದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಮುಕ್ತ ಪರವಾನಗಿಯ ಕಥೆಗಳನ್ನು ಒದಗಿಸುತ್ತದೆ. ಮೂಲಕರ್ತೃಗಳನ್ನು ಹೆಸರಿಸಿ ಅವನ್ನು ಯಾರೂ ಅನುವಾದಿಸಬಹುದು, ಮುದ್ರಿಸಬಹುದು.

ಚಿತ್ರ ಸಮಾನವಾದರೂ ಪಠ್ಯ ಪದಶಃ ಸಮಾನವಾಗಿರಬೇಕಿಲ್ಲ. ಕನ್ನಡ ಆವೃತ್ತಿಯ ಅಜ್ಜ ಎರೆಹೊಲವನ್ನು ನೆನೆದರೆ ಮರಾಠಿಯ ಅಜ್ಜ ಮಾಳವನ್ನು ನೆನೆಯಲಿ. ಕೊನೆಯ ಪುಟದಲ್ಲಿ ಎಲ್ಲ ಹೆಸರುಗಳೂ ಒಟ್ಟಿಗೆ ಇರಲಿ. ಆಗ ಮನೆಯ ಹೆಸರೂ ಸಂತೆಯ ಹೆಸರೂ ಒಂದೇ ಹಕ್ಕಿಯವೆಂದು ಮಗು ತಾನೇ ಕಂಡುಕೊಳ್ಳುತ್ತದೆ. ಬಯಲಿನಿಂದ ಹಕ್ಕಿ ಮರೆಯಾದ ಮೇಲೆ ಅದರ ಕನ್ನಡದ ಹೆಸರು ನಾಲಗೆಯ ಮೇಲೆ ಉಳಿಯಲು ಅಂಥದೊಂದು ಪುಟವಾದರೂ ಬೇಕು.