ಮೂವತ್ತು ಜೀವದ ಮಂತ್ರ, ಒಂಬತ್ತು ಸಾವಿರದ ಟೋಪಿ

ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ.

ಇದು ಯಾವ ಮಂತ್ರವಾದಿಯ ಬೀಜಾಕ್ಷರ ಎಂದು ಕೇಳುತ್ತೀರಾ? ವಾಡಿಯ ಸಿಮೆಂಟ್ ಕ್ವಾರ್ಟರ್ಸಿನಲ್ಲೋ ಶಹಾಬಾದದ ಗಲ್ಲಿಯಲ್ಲೋ ತೊಂಬತ್ತರ ದಶಕದಲ್ಲಿ ಟಿ.ವಿ. ಮುಂದೆ ಕೂತು ಬೆಳೆದವನನ್ನು ನಿಲ್ಲಿಸಿ ಕೇಳಿ. ಈಗ ಅವನ ತಲೆ ಬೆಳ್ಳಗಾಗಿರಬಹುದು, ಹೆಬ್ಬೆರಳು ಮಾತ್ರ ಮರೆತಿರುವುದಿಲ್ಲ.

‘ಕಾಂಟ್ರಾ’ ಆಟದಲ್ಲಿ ಸಿಗುವುದು ಮೂರೇ ಜೀವ. ಗುಂಡು ತಗುಲಿದರೆ ಒಂದು ಖಲಾಸ್. ಆದರೆ ಆಟದ ಹೆಸರು ಪರದೆಯ ಮೇಲಿರುವಾಗಲೇ ಈ ಹತ್ತು ಗುಂಡಿಗಳನ್ನು ಸರಸರನೆ ಒತ್ತಿದರೆ ಮೂರರ ಬದಲು ಮೂವತ್ತು! “ಏ ತಮ್ಮಾ, ನಿನಗ ಇಷ್ಟು ಜೀವ ಹ್ಯಾಂಗ ಬಂದವೋ? ನಮಗೂ ಹೇಳೋ” ಎಂದು ಗೋಗರೆಯುವ ಗೆಳೆಯರು. ಗುಟ್ಟು ಬಲ್ಲವನು ಓಣಿಗೆ ರಾಜ. ಆಗ ಇಂಟರ್‌ನೆಟ್ ಎಲ್ಲಿತ್ತು? ಗುಟ್ಟು ಹಬ್ಬಿದ್ದು ಬಾಯಿಂದ ಬಾಯಿಗೆ.

ಈ ಮಂತ್ರ ಕೊಟ್ಟ ಗುರು ಜಪಾನಿನ ಕಝುಹಿಸಾ ಹಶಿಮೋಟೋ, ಕೊನಾಮಿ ಕಂಪನಿಯ ನೌಕರ. ‘ಗ್ರೇಡಿಯಸ್’ ಎಂಬ ಆಟವನ್ನು 1986ರಲ್ಲಿ ಮನೆಯ ಯಂತ್ರಕ್ಕೆ ಇಳಿಸುವ ಕೆಲಸ ಅವರ ಪಾಲಿಗೆ ಬಂತು. ಆಟವನ್ನು ಪರೀಕ್ಷೆ ಮಾಡಬೇಕು, ಆದರೆ ಅದೋ ಬಲು ಕಠಿಣ! ತಮ್ಮ ಅನುಕೂಲಕ್ಕೆ ಒಂದು ಕಳ್ಳದಾರಿ ಮಾಡಿಕೊಂಡರು. ಆ ದಾರಿ ಮುಚ್ಚದೆಯೇ ಆಟ ಪೇಟೆಗೆ ಹೋಯಿತು. 1988ರ ಕಾಂಟ್ರಾಕ್ಕೂ ಅದೇ ಬಂತು. ಹಶಿಮೋಟೋ 2020ರ ಫೆಬ್ರವರಿಯಲ್ಲಿ ತೀರಿಕೊಂಡರು.

ಇದು ಮೋಸವೇ? ಯಂತ್ರದ ಜತೆ ಒಬ್ಬನೇ ಆಡುವಾಗ ಯಾರ ಗಂಟು ಹೋಯಿತು? ಅಮೆರಿಕದಲ್ಲಿ ಈ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೇ ಹತ್ತಿತ್ತು. ‘ಗೇಮ್ ಜೀನಿ’ ಎಂಬ ಡಬ್ಬಿ ಕ್ಯಾಸೆಟ್ ಮತ್ತು ಯಂತ್ರದ ನಡುವೆ ಕೂತು ಅಂಕಿಗಳನ್ನು ತಿರುಚುತ್ತಿತ್ತು. ನಿಂಟೆಂಡೊ ಕಂಪನಿ ದಾವೆ ಹೂಡಿ, 1992ರಲ್ಲಿ ಮೇಲ್ಮನವಿಯಲ್ಲೂ ಸೋತಿತು.

ಹಾಗಾದರೆ ನಿಜವಾದ ಟೋಪಿ ಯಾರದು? ಕ್ಯಾಸೆಟಿನದು!

ನಮ್ಮ ಪೇಟೆಗಳಲ್ಲಿ ಹೆಚ್ಚಾಗಿ ಮಾರಾಟವಾದದ್ದು 1983ರಲ್ಲಿ ಜಪಾನಿನಲ್ಲಿ ಹುಟ್ಟಿದ ‘ಫ್ಯಾಮಿಕಾಂ’ ಯಂತ್ರದ ಅಗ್ಗದ ನಕಲು. ಜತೆಗೆ ಕ್ಯಾಸೆಟ್. ಮೇಲೆ ದಪ್ಪಕ್ಷರದಲ್ಲಿ ‘9999 ಆಟ’. ಓವರ್‌ಟೈಮ್ ದುಡ್ಡಿನಲ್ಲಿ ತಂದುಕೊಟ್ಟ ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಮಗ ಪಟ್ಟಿ ಇಳಿಸುತ್ತ ಹೋಗುತ್ತಾನೆ. ಮೊದಲು ಮಾರಿಯೋ, ಆಮೇಲೆ ಟ್ಯಾಂಕು, ಬಾತುಕೋಳಿ. ಒಂದಿಷ್ಟು ದಾಟಿದರೆ ಹೆಸರು ಬೇರೆ, ಆಟ ಮತ್ತದೇ ಮಾರಿಯೋ! “ಅಪ್ಪಾ, ಇದೂ ಅದೇ ಅದ.”

ಕೈಚಳಕ ಬಹಳ ಸರಳ. ಆಟ ಶುರುವಾಗುವ ಮೊದಲು ಪಟ್ಟಿಯ ಪ್ರೋಗ್ರಾಂ ಯಂತ್ರದ ನೆನಪಿನಲ್ಲಿ ಒಂದೆರಡು ಅಂಕಿ ಬದಲಿಸುತ್ತದೆ. ಆಗ ಅದೇ ಆಟ ಎರಡನೇ ಹಂತದಿಂದ ಶುರುವಾಗುತ್ತದೆ, ಇಲ್ಲವೇ ಜೀವ ಹೆಚ್ಚಾಗಿ ಸಿಗುತ್ತದೆ. ಪಟ್ಟಿಯಲ್ಲಿ ಅದಕ್ಕೊಂದು ಹೊಸ ಹೆಸರು. ಒಂದು ಕೈಯಷ್ಟು ಆಟಕ್ಕೆ ಸಾವಿರಗಟ್ಟಲೆ ವೇಷ. ಅಂದರೆ ಓಣಿಯ ಹುಡುಗರು ‘ಹ್ಯಾಕ್’ ಎಂಬ ಶಬ್ದ ಕೇಳುವ ಮೊದಲೇ ಹ್ಯಾಕ್ ಮಾಡಿದ ಆಟ ಆಡಿದ್ದರು. ಅಸಲಿ ಆಟ ಬರೆದವರಿಗೆ ಕಾಸೂ ಹೋಗಲಿಲ್ಲ ಎನ್ನುವುದು ಬೇರೆ ಮಾತು. (ಕ್ಯಾಸೆಟ್ ನಡೆಯದಿದ್ದರೆ ಅದರ ಬಾಯಿಗೆ ‘ಉಫ್’ ಎಂದು ಊದುವ ವೈದ್ಯವೂ ಇತ್ತು. ಕೆಲಸ ಮಾಡುತ್ತಿದ್ದುದು ಊದಿದ್ದಲ್ಲ, ತೆಗೆದು ಮತ್ತೆ ಹಾಕಿದ್ದು. ಎಂಜಲ ತೇವಕ್ಕೆ ತಂತಿ ಹಾಳಾದದ್ದೇ ಲಾಭ!)

ಅಂದಿನ ಟೋಪಿಗೆ ಹೋದದ್ದು ಕ್ಯಾಸೆಟಿನ ಬೆಲೆ ಅಷ್ಟೇ. ಈಗ ಹಾಗಲ್ಲ.

ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲಿ ನೋಡಿದರೂ ಆಟ ಈಗ ಮೊಬೈಲಿನಲ್ಲಿ. ಪಬ್‌ಜಿಯನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. ಅದರ ತಮ್ಮ ಬಿ.ಜಿ.ಎಂ.ಐ. 2021ರಲ್ಲಿ ಬಂತು. ಎದುರಿಗೆ ಆಡುವವನು ಈಗ ಯಂತ್ರವಲ್ಲ, ಇನ್ನೊಬ್ಬರ ಮಗ. ಗೋಡೆಯಾಚೆಗಿನ ಆಳು ಕಾಣುವ ‘ಹ್ಯಾಕ್’ ಹಾಕಿ ಗೆದ್ದರೆ ಸೋಲುವುದು ನ್ಯಾಯವಾಗಿ ಆಡಿದ ಆ ಹುಡುಗ. ಕಂಪನಿಗಳು ಇಂಥ ಖಾತೆಗಳನ್ನು ಬಂದ್ ಮಾಡುತ್ತಲೇ ಇವೆ.

ಆದರೆ ಹ್ಯಾಕ್ ಬೇಕೆಂದವನಿಗೇ ಹ್ಯಾಕ್ ಆಗುವುದು ಇನ್ನೂ ದೊಡ್ಡ ತಮಾಷೆ, ಅಳುವ ತಮಾಷೆ. ‘ಡೈಮಂಡ್ ಫುಕಟ್’ ಎಂದೊಂದು ಲಿಂಕ್ ಬರುತ್ತದೆ. ಎಲ್ಲಿಂದಲೋ ಬಂದ ಎಪಿಕೆ ಫೈಲನ್ನು ಹುಡುಗ ಫೋನಿಗೆ ಹಾಕಿಕೊಳ್ಳುತ್ತಾನೆ, ಕೇಳಿದ್ದಕ್ಕೆಲ್ಲ ‘ಓಕೆ’ ಒತ್ತುತ್ತಾನೆ. ಆ ಫೋನು ಯಾರದು? ಅಪ್ಪನದು. ತೊಗರಿ ಮಾರಿದ ದುಡ್ಡು ಬರುವುದೂ ಅದೇ ಫೋನಿಗೆ, ಬ್ಯಾಂಕಿನ ಓಟಿಪಿ ಬರುವುದೂ ಅದಕ್ಕೇ. ಕ್ಯಾಸೆಟಿನೊಳಗೆ ಯಾರ ಬ್ಯಾಂಕ್ ಖಾತೆಯೂ ಇರಲಿಲ್ಲ ನೋಡಿ!

ಬೇರೆಯವರ ಪಾಸ್‌ವರ್ಡ್ ಕದ್ದು ಬಳಸಿದರೆ ಐ.ಟಿ. ಕಾಯ್ದೆಯ 66ಸಿ, ಕಂಪ್ಯೂಟರ್ ಮೂಲಕ ಬೇರೊಬ್ಬರ ವೇಷ ಹಾಕಿ ವಂಚಿಸಿದರೆ 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕಾಯ್ದೆ ಗಟ್ಟಿ, ಆದರೆ ಕಳ್ಳ ಸಿಗಬೇಕಲ್ಲ! ದುಡ್ಡು ಹೋದ ಕೂಡಲೇ 1930ಕ್ಕೆ ಫೋನ್ ಮಾಡಿದರೆ ಅದು ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಆಸೆಯಾದರೂ ಉಂಟು. ಹುಡುಗ ಮಾತ್ರ “ಅಪ್ಪ ಬಡೀತಾನ” ಎಂದು ಎರಡು ದಿನ ಬಾಯಿ ಬಿಡದೆ ಮೂಲೆಯಲ್ಲಿ ಕೂತಿರುತ್ತಾನೆ. ಅಷ್ಟರಲ್ಲಿ ದುಡ್ಡು ನಾಲ್ಕು ಖಾತೆ ದಾಟಿರುತ್ತದೆ.