ಮಲೆನಾಡಿನ ಹಳೆಯ ಕಾಡುಗಳೂ ಗ್ರಾಮಸ್ಥರ ಕಾವಲೂ

ಅಡಕೆಯ ತೋಟವುಳ್ಳ ರೈತನಿಗೆ ಕಾಡೆಂಬುದು ಬೇಸಾಯದ ಹೊರಗಿನ ವಸ್ತುವಲ್ಲ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ತೋಟಗಳು ಬಹುಮಟ್ಟಿಗೆ ಗುಡ್ಡಗಳ ನಡುವಣ ಕಣಿವೆಗಳಲ್ಲಿರುತ್ತವೆ. ಮೇಲಿನ ಕಾಡಿನಿಂದ ಇಳಿದು ಬರುವ ಝರಿಯೇ ಅವುಗಳಿಗೆ ನೀರು. ಕಾಡಿನ ಸೊಪ್ಪೂ ದರಕೂ ಕೊಟ್ಟಿಗೆಗೆ ಹಾಸಾಗಿ, ಸಗಣಿ ಗಂಜಲಗಳೊಡನೆ ಕಳಿತು, ಅವುಗಳಿಗೆ ಗೊಬ್ಬರ. ಈ ಕಾರಣದಿಂದಲೇ ಬ್ರಿಟಿಷರ ಆಳಿಕೆಯ ಕಾಲದಿಂದಲೂ ಘಟ್ಟದ ಮೇಲೆ ತೋಟದ 1 ಎಕರೆಗೆ 9 ಎಕರೆಗಳವರೆಗೆ ಸೊಪ್ಪಿನ ಬೆಟ್ಟವನ್ನು ತೋಟಿಗರ ಅನುಭೋಗಕ್ಕೆ ಬಿಡುವ ಪದ್ಧತಿಯು ನಡೆದುಬಂದಿದೆ. ಹೀಗಿರಲು, ಹಳೆಯ ಕಾಡು ಕಡಿಯಲ್ಪಟ್ಟಲ್ಲಿ ಮೊದಲು ನಷ್ಟವಾಗುವುದು ನಾಟಾ ವ್ಯಾಪಾರಿಗಲ್ಲ, ಕೆಳಗಿನ ತೋಟದವನಿಗೆ.

ಕಾಡನ್ನು ಕಾಯುವ ಭಾರವು ಗ್ರಾಮದ ಮೇಲೆ ಇಂದು ನಿನ್ನೆ ಬಿದ್ದುದಲ್ಲ. 1801ರಲ್ಲಿ ಈ ಪ್ರಾಂತದಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು, ಇಲ್ಲಿಯ ಕಾಡುಗಳು ಆಯಾ ಗ್ರಾಮದೇವತೆಗಳ ಸೊತ್ತೆಂದೂ, ಗೌಡನ ಅಪ್ಪಣೆಯಿಲ್ಲದೆ ಮರವನ್ನು ಕಡಿಯಕೂಡದೆಂಬ ಕಟ್ಟಳೆಯಿತ್ತೆಂದೂ ಬರೆದಿಟ್ಟಿದ್ದಾನೆ. ಸೊರಬದ ಕಾನುಗಳೂ ಕೊಡಗಿನ ದೇವರಕಾಡುಗಳೂ ಇಂಥಾ ಕಟ್ಟಳೆಗಳಿಂದಲೇ ಉಳಿದುಬಂದವು. 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳನ್ನು ಪರೀಕ್ಷಿಸಿದ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಅಲ್ಲಿ 171 ಕಾನುಗಳನ್ನು ಎಣಿಸಿದರು. ಕಾನೆಂದರೆ ಬರಿಯ ದೇವರ ಬನವಲ್ಲ. ಕಾಳುಮೆಣಸು, ಬೈನೆ, ಜೇನು ಮುಂತಾದವು ಅಲ್ಲಿಂದಲೇ ದೊರೆಯುತ್ತಿದ್ದುವು. ಮರವನ್ನು ನಿಲ್ಲಿಸಿಕೊಂಡೇ ಉತ್ಪನ್ನ ಪಡೆಯುವ ಬೇಸಾಯವೆಂದು ಅದನ್ನು ಕರೆಯಬಹುದು.

ತರುವಾಯ ಅರಣ್ಯಗಳು ಸರಕಾರದ ವಶಕ್ಕೆ ಹೋದುವು. ಗೌಡನ ಅಪ್ಪಣೆಗೆ ಬೆಲೆಯಿಲ್ಲದಂತಾಯಿತು. ಸ್ವಾತಂತ್ರ್ಯಾನಂತರ ಪ್ಲೈವುಡ್ಡಿಗೂ ಕಾಗದಕ್ಕೂ ಕಚ್ಚಾ ಮಾಲು ಬೇಕಾಗಿ, ಘಟ್ಟದ ದೊಡ್ಡ ಮರಗಳು ಲಾರಿಗಳಲ್ಲಿ ಸಾಗಿದುವು. ಕಡಿದ ಕೆಲವು ಎಡೆಗಳಲ್ಲಿ ಸಾಗುವಾನಿಯನ್ನೂ ನೀಲಗಿರಿಯನ್ನೂ ನೆಟ್ಟರು. ಎಕರೆಗೆ ಇಂತಿಷ್ಟೇ ಮರವೆಂಬ ನಿಯಮವೇನೋ ಇದ್ದಿತು. ಆದರೆ ನೂರಡಿ ಎತ್ತರದ ಮರವೊಂದು ಉರುಳುವಾಗ ಸುತ್ತಣ ಎಳೆ ಮರಗಳನ್ನು ಮುರಿದುಕೊಂಡೇ ಉರುಳುತ್ತದೆ; ದಿಮ್ಮಿಯನ್ನು ಎಳೆಯುವ ದಾರಿಯಲ್ಲಿ ಸಸಿಗಳೆಲ್ಲ ನೆಲಸಮವಾಗುತ್ತವೆ. ಈ ನಷ್ಟವು ಕಾಗದದ ಲೆಕ್ಕದಲ್ಲಿ ಕಾಣುವುದಿಲ್ಲ.

ಇದನ್ನು ಕಣ್ಣಾರೆ ಕಂಡವರು ಶಿರಸಿ ಸೀಮೆಯ ಕೃಷಿಕರು. ಬಾಳೇಗದ್ದೆಯ ಲಕ್ಷ್ಮೀನರಸಿಂಹ ಯುವಕ ಮಂಡಳಿಯವರು ಕಡಿತವನ್ನು ನಿಲ್ಲಿಸಬೇಕೆಂದು ಅರಣ್ಯಾಧಿಕಾರಿಗಳಿಗೆ ಬರೆದುಕೊಂಡರು. ಅದು ಫಲಿಸಲಿಲ್ಲ. ಹಿಮಾಲಯದ ರೇಣಿ ಗ್ರಾಮದಲ್ಲಿ 1974ರಲ್ಲಿ ಗೌರಾದೇವಿಯೂ ಆಕೆಯ ಜೊತೆಯ ಹೆಂಗಸರೂ ಕೊಡಲಿಗೆ ಅಡ್ಡನಿಂತು ಕಾಡನ್ನು ಉಳಿಸಿದ ಸಂಗತಿಯು ಅಷ್ಟರಲ್ಲಿ ಇಲ್ಲಿಗೂ ತಿಳಿದುಬಂದಿತ್ತು. ಚಿಪ್ಕೊ ಚಳವಳಿಯ ಸುಂದರಲಾಲ ಬಹುಗುಣರೂ ಬಂದು ಗ್ರಾಮಸ್ಥರೊಡನೆ ಮಾತನಾಡಿದರು. 1983ನೆಯ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಬಳಿಯ ಕಾಡಿನೊಳಕ್ಕೆ ಗಂಡಸರು, ಹೆಂಗಸರು, ಮಕ್ಕಳು ಕೂಡಿ ಸುಮಾರು 160 ಮಂದಿ ನಡೆದುಹೋಗಿ, ಕಡಿಯಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಕಡಿಯುವವರು ಹಿಂದಿರುಗಬೇಕಾಯಿತು. ಮಳೆಯೂ ಜಿಗಣೆಯೂ ಇರುವ ಆ ಕಾಡಿನಲ್ಲಿ ಐದಾರು ವಾರಗಳವರೆಗೆ ಕಾವಲು ನಡೆಯಿತೆಂಬುದು ಸಾಮಾನ್ಯ ಸಂಗತಿಯಲ್ಲ. ಬೇಸಾಯದ ಕೆಲಸವನ್ನು ಬಿಟ್ಟು ಬಂದವರ ತ್ರಾಸು ಬೇಸಾಯಗಾರರಿಗೇ ತಿಳಿಯುವುದು.

ಅಪ್ಪಿಕೊ ಎಂಬ ಹೆಸರಿನ ಈ ಚಳವಳಿಯು ಸಿದ್ದಾಪುರದ ನಿಡಗೋಡು ಮುಂತಾದ ಊರುಗಳಿಗೂ ಹರಡಿತು. ಪಾಂಡುರಂಗ ಹೆಗಡೆಯವರು ಇದನ್ನು ಸಂಘಟಿಸಿದವರಲ್ಲಿ ಪ್ರಮುಖರು. ಉಳಿಸು, ಬೆಳೆಸು, ಬಳಸು ಎಂಬ ಮೂರೇ ಮಾತುಗಳು ಅದರ ಕಾರ್ಯಕ್ರಮವಾಗಿದ್ದುವು. ಇವುಗಳಲ್ಲಿ ಕೊನೆಯದನ್ನು ಅನೇಕರು ಮರೆಯುತ್ತಾರೆ. ಕಾಡನ್ನು ಮುಟ್ಟಲೇಕೂಡದೆಂದು ಅವರು ಹೇಳಿದವರಲ್ಲ. ಮುಂದಿನ ವರ್ಷಗಳಲ್ಲಿ ಘಟ್ಟದ ನಿತ್ಯಹಸುರಿನ ಕಾಡುಗಳಲ್ಲಿ ಹಸುರು ಮರಗಳ ಕಡಿತವನ್ನು ಸರಕಾರವು ನಿಲ್ಲಿಸಿತು.

ಕಡಿದುದರ ಬದಲಿಗೆ ನೆಟ್ಟರಾಯಿತಲ್ಲ ಎಂದು ಕೇಳುವವರು ಇನ್ನೂ ಉಂಟು. ಹಳೆಯ ಕಾಡಿನ ನೆಲವನ್ನು ಗುದ್ದಲಿಯಿಂದ ಕೆದಕಿ ನೋಡಿದರೆ ಉತ್ತರವು ದೊರೆಯುತ್ತದೆ. ಮೇಲೆ ಎಲೆಗಳ ಹೊದಿಕೆ, ಅದರ ಕೆಳಗೆ ಕರಿಯ ಮೆದುಮಣ್ಣು, ಅದರೊಳಗೆ ಬೇರುಗಳ ಹೆಣಿಗೆ. ಮಳೆಯ ಹೊಡೆತವು ನೆಲಕ್ಕೆ ನೇರವಾಗಿ ತಗಲದೆ, ನೀರು ನಿಧಾನವಾಗಿ ಇಂಗಿ, ಬೇಸಿಗೆಯಲ್ಲಿ ಝರಿಯಾಗಿ ಹೊರಬರುತ್ತದೆ. ಒಂದೇ ಜಾತಿಯ ನೆಡುತೋಪಿನಲ್ಲಿ ಈ ಪದರಗಳು ಇಲ್ಲ. ಮೇಲಾಗಿ ಮಂಗಟ್ಟೆ ಹಕ್ಕಿಯು ಹಳೆಯ ಮರದ ಪೊಟರೆಯಲ್ಲಿ ಮಾತ್ರವೇ ಗೂಡು ಮಾಡುವುದು. ರಾಮಪತ್ರೆಯಂಥಾ ಮರಗಳ ಬೀಜವನ್ನು ದೂರಕ್ಕೆ ಒಯ್ದು ಬಿತ್ತುವುದೂ ಅದೇ ಹಕ್ಕಿ. ಪೊಟರೆಯ ಮರವು ನಾಟಾಕ್ಕೆ ಬಾರದ ಮರವೆಂದು ಕಡಿದುಹಾಕಿದಲ್ಲಿ, ಬಿತ್ತುವವನನ್ನೇ ಓಡಿಸಿದಂತಾಗುತ್ತದೆ.

ಇಷ್ಟಾದರೂ ಒಂದು ಮಾತನ್ನು ಮರೆಮಾಚದೆ ಹೇಳತಕ್ಕದ್ದು. ಸರಕಾರಿ ಕಾಡಿಗಾಗಿ ಕಾವಲು ನಿಂತ ಸೀಮೆಯಲ್ಲಿಯೇ, ಎಷ್ಟೋ ಸೊಪ್ಪಿನ ಬೆಟ್ಟಗಳು ವರ್ಷವರ್ಷವೂ ತುದಿಯವರೆಗೆ ಸವರಲ್ಪಟ್ಟು ಕಂಬಗಳಂತೆ ನಿಂತಿವೆ. ಉಪ್ಪಾಗೆಯ ಕಾಯಿಗೆ ಬೆಲೆ ಬಂದ ಕಾಲದಲ್ಲಿ ಕಾಯಿಗಾಗಿ ಕೊಂಬೆಯನ್ನೇ ಕಡಿದವರೂ ಹೊರಗಿನವರಷ್ಟೇ ಅಲ್ಲ. ಬೆಟ್ಟವನ್ನು ಭಾಗಗಳಾಗಿ ವಿಂಗಡಿಸಿ, ಒಂದು ಭಾಗದಲ್ಲಿ ಸೊಪ್ಪು ಕೊಯ್ದ ವರ್ಷ ಉಳಿದವುಗಳಿಗೆ ವಿಶ್ರಾಂತಿ ಕೊಟ್ಟಲ್ಲಿ ಮರವು ಚೇತರಿಸಿಕೊಳ್ಳುತ್ತದೆ.

ಗ್ರಾಮದ ಕೈಗೆ ಅಧಿಕಾರವೇ ಇಲ್ಲವೆಂಬ ದೂರು ಈಗ ಪೂರ್ತಿ ಸಲ್ಲದು. ಕುಮಟಾ ತಾಲ್ಲೂಕಿನ ಹಳಕಾರದಲ್ಲಿ 1920ರ ದಶಕದಷ್ಟು ಹಿಂದೆಯೇ ಗ್ರಾಮ ಅರಣ್ಯ ಪಂಚಾಯಿತಿಯೊಂದು ಸ್ಥಾಪಿತವಾಗಿತ್ತು. 1993ರಿಂದೀಚೆಗೆ ರಾಜ್ಯದಲ್ಲಿ ಗ್ರಾಮ ಅರಣ್ಯ ಸಮಿತಿಗಳು ಏರ್ಪಟ್ಟವು. 2002ರ ಜೀವವೈವಿಧ್ಯ ಅಧಿನಿಯಮದಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಇರತಕ್ಕದ್ದು. ಊರಿನ ಗಿಡಮರಗಳ ದಾಖಲೆಯನ್ನು ಜನರಿಂದ ಕೇಳಿ ಬರೆಯಿಸುವುದು ಅದರ ಕೆಲಸ. 2006ರ ಅರಣ್ಯ ಹಕ್ಕುಗಳ ಅಧಿನಿಯಮವು ಹಕ್ಕುಳ್ಳ ಗ್ರಾಮಗಳ ಗ್ರಾಮಸಭೆಗೆ ಕಾಡನ್ನು ರಕ್ಷಿಸುವ ಅಧಿಕಾರವನ್ನೂ ಕೊಟ್ಟಿದೆ. ಸಮಿತಿಯು ಕಾಗದದ ಮೇಲೆ ಮಾತ್ರವಿದ್ದಲ್ಲಿ ಊರಿನ ಹಿರಿಯರು ಅದರ ಸಭೆಯನ್ನು ಕರೆಯಿಸಿ, ಗಡಿಯೊಳಗಿನ ಹಳೆಯ ಮರಗಳ, ಪೊಟರೆಯ ಮರಗಳ ಮತ್ತು ಝರಿಯ ತಲೆಗಳ ಪಟ್ಟಿಯನ್ನು ಮೊದಲು ಮಾಡಿಸಬೇಕು. ಪಟ್ಟಿಯಿದ್ದಲ್ಲಿ ಅರ್ಜಿಗೆ ಬಲ ಬರುತ್ತದೆ.

ಸಸಿ ಬೆಳೆಸಲಿಚ್ಛಿಸುವವರು ಧೂಪದ ಬೀಜದ ವಿಷಯದಲ್ಲಿ ಎಚ್ಚರವಿಡತಕ್ಕದ್ದು. ಮುಂಗಾರಿನ ಮೊದಲಿಗೆ ಉದುರುವ ಈ ಬೀಜವು ಕೆಲವೇ ವಾರಗಳಲ್ಲಿ ಒಣಗಿ ಸಾಯುತ್ತದೆ. ಬತ್ತದ ಬೀಜದಂತೆ ಇದನ್ನು ಕಟ್ಟಿ ಅಟ್ಟಕ್ಕೇರಿಸಕೂಡದು. ಆರಿಸಿ ತಂದ ಕೂಡಲೇ ನೆರಳುಳ್ಳ ತೇವದ ಮಣ್ಣಿನಲ್ಲಿ ಊರಿ, ಮೇಲೆ ತೆಳುವಾಗಿ ದರಕನ್ನು ಹರಡಬೇಕು.