ಸೀಸೆಯೊಳಗಿನ ಕಾಲ

ಹಳೆಯದಾದಷ್ಟೂ ಮದ್ಯದ ಗುಣ ಹೆಚ್ಚುವುದೆಂಬ ಮಾತು ಲೋಕದಲ್ಲಿ ರೂಢಿಯಾಗಿದೆ. ದ್ರಾಕ್ಷಾರಸದ ಕೆಲವು ಬಗೆಗಳಿಗೆ ಈ ಮಾತು ಸಲ್ಲಬಹುದು; ಬಿಯರಿಗಾದರೋ ಸಾಮಾನ್ಯವಾಗಿ ಸಲ್ಲದು. ತಿಳಿಬಣ್ಣದ ಸಾಧಾರಣ ಬಿಯರನ್ನು ವರ್ಷಗಟ್ಟಲೆ ಇಟ್ಟರೆ ಅದು ಮಾಗುವುದಿಲ್ಲ, ಕೆಡುತ್ತದೆ. ಆದರೆ ಬೆಲ್ಜಿಯಮ್ ದೇಶದ ಕೆಲವು ಗಾಢವರ್ಣದ, ತೀಕ್ಷ್ಣವಾದ ಏಲ್‌ಗಳು ಇದಕ್ಕೆ ಅಪವಾದ. ಅವುಗಳನ್ನು ನೆಲಮಾಳಿಗೆಯಲ್ಲಿ ಐದಾರು ವರ್ಷ ಇಟ್ಟು, ಅನಂತರ ರುಚಿ ನೋಡುವ ಪದ್ಧತಿ ಬಲ್ಲವರಲ್ಲಿ ಉಂಟು. ಮದ್ಯಪಾನದ ಗುಣದೋಷಗಳ ಚರ್ಚೆ ಈ ಲೇಖನದ ಉದ್ದೇಶವಲ್ಲ. ಮುಚ್ಚಿದ ಸೀಸೆಯೊಳಗೆ, ಯಾರ ಕೈಯೂ ಸೋಕದೆ, ಒಂದು ದ್ರವವು ಬದಲಾಗುವುದು ಹೇಗೆ? ಶಾಖ ಕೊಟ್ಟು ಕಾಲವನ್ನು ಅವಸರಪಡಿಸಿ, ವರ್ಷಗಳ ಕೆಲಸವನ್ನು ತಿಂಗಳುಗಳಲ್ಲಿ ಮುಗಿಸಲು ಸಾಧ್ಯವೆ? ಈ ಎರಡು ಪ್ರಶ್ನೆಗಳನ್ನಷ್ಟೆ ಇಲ್ಲಿ ವಿಚಾರ ಮಾಡೋಣ.

ದಕ್ಷಿಣ ಬೆಲ್ಜಿಯಮಿನ ಷಿಮೇ ಎಂಬ ಊರಿನ ಬಳಿ ಟ್ರಾಪಿಸ್ಟ್ ಪಂಥದ ಕ್ರೈಸ್ತ ಸಂನ್ಯಾಸಿಗಳ ಮಠವೊಂದಿದೆ. ಮಠ ಸ್ಥಾಪನೆಯಾದದ್ದು ೧೮೫೦ರಲ್ಲಿ. ಅಲ್ಲಿ ಬಿಯರಿನ ತಯಾರಿಕೆ ಮೊದಲಾದದ್ದು ೧೮೬೨ರಲ್ಲಿ. ನೀಲಿ ಚೀಟಿ ಅಂಟಿಸಿದ ಅವರ ಏಲ್‌ನಲ್ಲಿ ಗಾತ್ರದ ಲೆಕ್ಕದಲ್ಲಿ ನೂರಕ್ಕೆ ೯ ಭಾಗ ಮದ್ಯಸಾರವಿದೆ; ಸಾಧಾರಣ ಬಿಯರಿನಲ್ಲಿ ಇರುವುದು ೫ ಭಾಗದಷ್ಟು. ತಯಾರಾದ ವರ್ಷವನ್ನು ಚೀಟಿಯ ಮೇಲೆ ಮುದ್ರಿಸಿರುತ್ತಾರೆ. ಆದುದರಿಂದ ಬೇರೆ ಬೇರೆ ವರ್ಷಗಳ ಸೀಸೆಗಳನ್ನು ಒಂದೇ ದಿನ ಸಾಲಾಗಿ ತೆರೆದು, ಹೋಲಿಸಿ ನೋಡಲು ಅನುಕೂಲವಾಗಿದೆ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿ ನೀರನ್ನು, ಕಹಿಗಾಗಿ ಹಾಪ್ ಎಂಬ ಬಳ್ಳಿಯ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟಿನಿಂದ ಹುದುಗಿಸಿದರೆ ಬಿಯರಾಗುತ್ತದೆ. ಇಂಥ ಏಲ್‌ಗಳ ವಿಶೇಷವೆಂದರೆ, ಸೀಸೆಗೆ ತುಂಬುವಾಗ ತುಸು ಸಕ್ಕರೆಯನ್ನೂ ಜೀವಂತ ಯೀಸ್ಟನ್ನೂ ಸೇರಿಸಿ ಬಿರಡೆ ಹಾಕುತ್ತಾರೆ. ಒಳಗೆ ಎರಡನೆಯ ಬಾರಿ ಹುದುಗು ಏಳುತ್ತದೆ. ಹೊರಟ ಇಂಗಾಲದ ಡೈಆಕ್ಸೈಡಿಗೆ ಹೊರಗೆ ಹೋಗಲು ದಾರಿಯಿಲ್ಲ, ಒತ್ತಡ ಏರುತ್ತದೆ. ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಕರಗುವ ಅನಿಲವೂ ಹೆಚ್ಚುವುದೆಂದು ವಿಲಿಯಮ್ ಹೆನ್ರಿಯು ೧೮೦೩ರಲ್ಲಿ ತೋರಿಸಿದನಷ್ಟೆ. ಬಿರಡೆ ತೆಗೆದೊಡನೆ ನೊರೆ ಉಕ್ಕುವುದು ಈ ನಿಯಮದ ಫಲ. ಜೊತೆಗೆ, ಸೀಸೆಯಲ್ಲಿ ಉಳಿದಿದ್ದ ಆಮ್ಲಜನಕದ ಬಹುಭಾಗವನ್ನು ಯೀಸ್ಟು ಹೀರಿಕೊಳ್ಳುತ್ತದೆ. ದೀರ್ಘಕಾಲ ಬಾಳುವುದಕ್ಕೆ ಇದೊಂದು ದೊಡ್ಡ ರಕ್ಷೆ. ಮದ್ಯಸಾರದ ಆಧಿಕ್ಯವು ಕ್ಷುದ್ರಜೀವಿಗಳನ್ನು ತಡೆಯುವುದು ಇನ್ನೊಂದು ರಕ್ಷೆ.

ಹುದುಗು ನಿಂತ ಮೇಲೆ ಸೀಸೆ ಹೊರನೋಟಕ್ಕೆ ನಿಶ್ಚಲ; ಒಳಗೆ ಮಾತ್ರ ಹಲವು ಕ್ರಿಯೆಗಳು ಏಕಕಾಲಕ್ಕೆ ನಡೆಯುತ್ತಿರುತ್ತವೆ. ಮುಖ್ಯವಾದುವು ನಾಲ್ಕು. ಮೊದಲನೆಯದಾಗಿ, ಹಾಪ್ ಹೂವಿನಿಂದ ಬಂದ ಕಹಿ ಪದಾರ್ಥಗಳು ನಿಧಾನವಾಗಿ ಒಡೆಯುತ್ತವೆ. ಕಹಿ ತಗ್ಗಿದಂತೆ ಬಾರ್ಲಿಯ ಸಿಹಿ ಮುಂದೆ ಬರುತ್ತದೆ. ಎರಡನೆಯದು ಎಸ್ಟರುಗಳ ಬದಲಾವಣೆ. ಆಮ್ಲವೂ ಮದ್ಯಸಾರವೂ ಕೂಡಿ ಎಸ್ಟರೂ ನೀರೂ ಆಗುವ ಕ್ರಿಯೆ ಹಿಂದಕ್ಕೂ ನಡೆಯಬಲ್ಲದೆಂಬುದನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಹೊಸ ಏಲ್‌ಗೆ ಬಾಳೆಹಣ್ಣಿನ ಕಂಪು ಕೊಡುವ ಎಸ್ಟರು ವರ್ಷಗಳು ಕಳೆದಂತೆ ಒಡೆದು ಕಡಮೆಯಾಗುತ್ತದೆ. ಬೇರೆ ಕೆಲವು ಎಸ್ಟರುಗಳು ಮೆಲ್ಲನೆ ಹೆಚ್ಚುತ್ತವೆ. ಮೂರನೆಯದಾಗಿ, ತಳದಲ್ಲಿ ನಿಂತ ಯೀಸ್ಟು ಸತ್ತು, ತನ್ನ ಕಿಣ್ವಗಳಿಂದಲೇ ಕರಗಿ, ಅಮೈನೊ ಆಮ್ಲಗಳನ್ನು ಹೊರಬಿಡುತ್ತದೆ. ಇದು ಮಿತವಾಗಿದ್ದರೆ ರುಚಿಗೆ ತುಂಬುತನ ಬರುತ್ತದೆ; ಮಿತಿಮೀರಿದರೆ ಸೋಯಾ ರಸದ ವಾಸನೆ ತಲೆದೋರುತ್ತದೆ.

ನಾಲ್ಕನೆಯದು ಉತ್ಕರ್ಷಣ. ಬಿರಡೆಯ ಮೂಲಕ ನುಸುಳುವ ಅತ್ಯಲ್ಪ ಆಮ್ಲಜನಕವೇ ಇದಕ್ಕೆ ಸಾಕು. ತಿಳಿ ಬಿಯರು ಹಳತಾದಾಗ ಒದ್ದೆ ರಟ್ಟಿನಂಥ ವಾಸನೆ ಬರುವುದುಂಟು. ಅದಕ್ಕೆ ಕಾರಣವೆಂದು ಹೇಳಲಾಗುವ ನೊನೆನಾಲ್ ಎಂಬ ವಸ್ತು ಸುಮಾರು ಒಂದು ಕೋಟಿ ಲೀಟರಿಗೆ ಒಂದು ಗ್ರಾಮಿನಷ್ಟಿದ್ದರೂ ನಮ್ಮ ಮೂಗು ಅದನ್ನು ಹಿಡಿಯಬಲ್ಲದು! ಗಾಢವರ್ಣದ ಏಲ್‌ನಲ್ಲಾದರೋ ಈ ವಾಸನೆಯನ್ನು ಮರೆಮಾಡುವ ಬಲವಾದ ಕಂಪುಗಳಿವೆ. ಅಲ್ಲದೆ, ಸಕ್ಕರೆಗೂ ಅಮೈನೊ ಆಮ್ಲಕ್ಕೂ ನಡುವೆ ನಡೆಯುವ, ೧೯೧೨ರಲ್ಲಿ ಫ್ರಾನ್ಸಿನ ಮಯ್ಯಾರ್ ವಿವರಿಸಿದ ಕ್ರಿಯೆಯ ಫಲಗಳು ಅದರಲ್ಲಿ ಹೇರಳವಾಗಿವೆ. ದೋಸೆಯ ಹೊಂಬಣ್ಣಕ್ಕೂ ಹುರಿದ ಕಾಫಿಬೀಜದ ಕಂಪಿಗೂ ಕಾರಣವಾದ ಕ್ರಿಯೆಯೇ ಇದು. ಅದೇ ಆಮ್ಲಜನಕವು ಇಲ್ಲಿ ಒಣದ್ರಾಕ್ಷಿ, ಖರ್ಜೂರ, ಷೆರ್ರಿ ಮದ್ಯಗಳನ್ನು ನೆನಪಿಗೆ ತರುವ ಕಂಪನ್ನು ಹುಟ್ಟಿಸುತ್ತದೆ. ಒಂದರಲ್ಲಿ ದೋಷವಾದದ್ದು ಇನ್ನೊಂದರಲ್ಲಿ ಗುಣವಾಗುವುದು ಹೀಗೆ.

ಈಗ ಸೀಸೆಗಳ ಸಾಲಿಗೆ ಬರೋಣ. ಹೊಸದರಲ್ಲಿ ಚುರುಕಾದ ಗುಳ್ಳೆ, ಲವಂಗದಂಥ ಖಾರ, ಕಹಿ, ಮದ್ಯಸಾರದ ಉರಿ ಇವು ಒಂದೊಂದೂ ಬೇರೆಬೇರೆಯಾಗಿ ನಾಲಗೆಗೆ ತಿಳಿಯುತ್ತವೆ. ಐದು ವರ್ಷದ್ದರಲ್ಲಿ ಕಹಿಯೂ ಉರಿಯೂ ತಗ್ಗಿ, ಒಣಹಣ್ಣಿನ ಸವಿ ಮೇಲೆದ್ದಿರುತ್ತದೆ. ಆಶ್ಚರ್ಯವೆಂದರೆ ಮದ್ಯಸಾರದ ಪ್ರಮಾಣ ಹೆಚ್ಚುಕಡಮೆ ಮೊದಲಿನಷ್ಟೇ ಇರುತ್ತದೆ. ಬದಲಾದದ್ದು ಅದರ ಸುತ್ತಣ ಪದಾರ್ಥಗಳು. ಇನ್ನೂ ಹಳತಾದರೆ ನೊರೆ ಕುಗ್ಗಿ, ರುಚಿ ತೆಳುವಾಗಿ, ಕೊನೆಗೆ ರಟ್ಟಿನ ವಾಸನೆ ಇದನ್ನೂ ಬಿಡುವುದಿಲ್ಲ. ಮಾಗುವುದೂ ಕೆಡುವುದೂ ಎರಡು ಬೇರೆ ದಾರಿಗಳಲ್ಲ. ಒಂದೇ ದಾರಿಯ ಎರಡು ಮೈಲಿಗಲ್ಲುಗಳು.

ಹಾಗಾದರೆ ಸೀಸೆಯನ್ನು ಬೆಚ್ಚಗಿಟ್ಟು ಬೇಗ ಮಾಗಿಸಬಾರದೇಕೆ? ಕ್ರಿಯೆ ನಡೆಯಬೇಕಾದರೆ ಅಣುಗಳು ಶಕ್ತಿಯ ಒಂದು ದಿಣ್ಣೆಯನ್ನು ಹತ್ತಿ ಇಳಿಯಬೇಕೆಂದು ಸ್ವೀಡನ್ನಿನ ಅರ್ಹೇನಿಯಸ್ ೧೮೮೯ರಲ್ಲಿ ವಿವರಿಸಿದನು. ಉಷ್ಣತೆ ಏರಿದರೆ ದಿಣ್ಣೆ ಹತ್ತಬಲ್ಲ ಅಣುಗಳ ಸಂಖ್ಯೆಯೂ ಏರುತ್ತದೆ. ಆದರೆ ಎಲ್ಲ ಕ್ರಿಯೆಗಳ ದಿಣ್ಣೆಯೂ ಒಂದೇ ಎತ್ತರದ್ದಲ್ಲ. ಎತ್ತರದ ದಿಣ್ಣೆಯ ಕ್ರಿಯೆಯನ್ನು ಶಾಖವು ಹೆಚ್ಚಾಗಿ ತ್ವರೆಗೊಳಿಸುತ್ತದೆ. ಉದಾಹರಣೆಗೆ, ೧೦ ಡಿಗ್ರಿ ಏರಿದಾಗ ಒಂದು ಕ್ರಿಯೆ ಇಮ್ಮಡಿಯಾಗುವುದೆಂದೂ ಮತ್ತೊಂದು ಮುಮ್ಮಡಿಯಾಗುವುದೆಂದೂ ಇಟ್ಟುಕೊಳ್ಳಿ. ೧೨ ಡಿಗ್ರಿಯ ನೆಲಮಾಳಿಗೆಯಿಂದ ೩೨ ಡಿಗ್ರಿಯ ಕೋಣೆಗೆ ಸೀಸೆ ಬಂದರೆ ಮೊದಲನೆಯದು ೪ ಪಟ್ಟು, ಎರಡನೆಯದು ೯ ಪಟ್ಟು ವೇಗ ಪಡೆಯುತ್ತವೆ. ಮೊದಲನೆಯದು ೩ ವರ್ಷದ ಕೆಲಸವನ್ನು ಮುಗಿಸುವ ೯ ತಿಂಗಳಲ್ಲಿ ಎರಡನೆಯದು ಆರು ಮುಕ್ಕಾಲು ವರ್ಷದ ಕೆಲಸವನ್ನು ಮಾಡಿಬಿಟ್ಟಿರುತ್ತದೆ! ಸೀಸೆಯೊಳಗೆ ಇರುವುದು ಒಂದು ಗಡಿಯಾರವಲ್ಲ, ಹಲವು. ಶಾಖ ಕೊಟ್ಟರೆ ಅವು ಒಂದಕ್ಕೊಂದು ಹೊಂದದೆ ಓಡುತ್ತವೆ. ಬಿಸಿ ಕೋಣೆಯ ಏಲ್ ಬೇಗ ಮುಪ್ಪಾಗುತ್ತದೆಯೇ ಹೊರತು ನೆಲಮಾಳಿಗೆಯ ಏಲ್ ಆಗುವುದಿಲ್ಲ.

ತಂಪೊಂದೇ ಸಾಕೆಂದೂ ಹೇಳಲಾಗದು. ೨೦೧೦ರಲ್ಲಿ ಫಿನ್ಲೆಂಡಿನ ಓಲಾಂಡ್ ದ್ವೀಪಗಳ ಬಳಿ, ಬಾಲ್ಟಿಕ್ ಸಮುದ್ರದ ತಳದಲ್ಲಿ, ೧೮೪೦ರ ದಶಕದಲ್ಲಿ ಮುಳುಗಿದ ಹಡಗೊಂದರಿಂದ ಬಿಯರಿನ ಸೀಸೆಗಳು ದೊರೆತುವು. ಅಲ್ಲಿ ತಂಪೂ ಕತ್ತಲೆಯೂ ಇದ್ದುವು. ಆದರೂ ಬಿರಡೆಯ ಮೂಲಕ ಸಮುದ್ರದ ನೀರು ಇಳಿದಿತ್ತು. ಬ್ಯಾಕ್ಟೀರಿಯಗಳು ಕೆಲಸ ಮಾಡಿದ್ದುವು. ೨೦೧೫ರಲ್ಲಿ ಪ್ರಕಟವಾದ ಪರೀಕ್ಷೆಯ ವರದಿಯಂತೆ ಅದು ಹುಳಿಯಾಗಿ, ಮೇಕೆಯ ವಾಸನೆ ಹೊಡೆಯುತ್ತಿತ್ತು. ರಕ್ಷೆ ತಪ್ಪಿದರೆ ಕಾಲವು ಮಾಗಿಸುವುದಿಲ್ಲ.

ಆದುದರಿಂದ ಮಾಗಿಸುವವನು ಕಾಲವೆಂಬ ಒಬ್ಬ ಕರ್ತನಲ್ಲ. ತಂಪು, ಕತ್ತಲೆ, ಭದ್ರವಾದ ಬಿರಡೆ, ತಕ್ಕ ಮೂಲದ್ರವ್ಯ ಇವು ಕೂಡಿದಾಗ ನಿಧಾನವಾದ ಹಲವು ಕ್ರಿಯೆಗಳು ಒಂದು ಹದಕ್ಕೆ ಬರುತ್ತವೆ. ಆ ಹದವನ್ನು ಗುರುತಿಸಿ ಬಿರಡೆ ತೆಗೆಯುವುದು ಮಾತ್ರ ಮನುಷ್ಯನ ಪಾಲಿನ ಕೆಲಸ.